ಕೊಸರು

ಕೋಣನಕೊಪ್ಪಲಿನ ಡೇರಿ ಲೆಕ್ಕದಲ್ಲಿ
ಎರಡು ಸಾವಿರದ ಹದಿನೇಳು, ಜನವರಿ ಒಂದು, ಬೆಳಗಿನ ಸರದಿ:
ಹದಿನೇಳನೆಯ ಚೀಟಿ ಇದೆ, ಹತ್ತೊಂಬತ್ತನೆಯದು ಇದೆ.
ನಡುವೆ ಏನೂ ಇಲ್ಲ.

ಬಟವಾಡೆಯಲ್ಲಿ ನೂರಾ ಮೂರು ರೂಪಾಯಿ ಕಡಿಮೆ ಎಂದು
ಸಣ್ಣತಾಯಮ್ಮ ಮಂಡ್ಯದ ಬಸ್ಸು ಹತ್ತಿ ಬಂದಳು.
ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು,
ಏಸಿಯ ಚಳಿಗೆ ಸೆರಗು ಹೊದ್ದು:
"ಹಾಲ್ ಹುಯ್ದಿವ್ನಿ ಕಣಪ್ಪ. ನಾಕು ಲೀಟ್ರು ಮುನ್ನೂರು.
ನಿನ್ ಮಿಷನ್ನು ಕೀ ಅಂತು. ಚೀಟಿ ಬರ್ನಿಲ್ಲ."
ಮಿಷನ್ನು ತಪ್ಪು ಮಾಡಲ್ಲಮ್ಮ, ಅಂದೆ.
ಅಂದದ್ದು ಇವತ್ತಿಗೂ ನಾಚಿಕೆ.

ರಾತ್ರಿ ಲಾಗ್ ತೆರೆದರೆ ಹದಿನೆಂಟು ಅಲ್ಲೇ ಬಿದ್ದಿತ್ತು:
ಐದು ಗಂಟೆ, ಇಪ್ಪತ್ತೊಂಬತ್ತು ನಿಮಿಷ, ಅರವತ್ತು ಸೆಕೆಂಡು.
ಕೆಳಗೆ ಕೆಂಪಕ್ಷರದಲ್ಲಿ ಡೇಟಾಬೇಸಿನ ಷರಾ:
ಇಂಥ ಸೆಕೆಂಡು ಇಲ್ಲ. ಸಾಲು ತಿರಸ್ಕೃತ.

ಇತ್ತು. ತಿರುಗಿ ತಿರುಗಿ ಭೂಮಿ
ಒಂದಿಷ್ಟು ಹಿಂದೆ ಬೀಳುತ್ತದೆ, ಪರಮಾಣು ಗಡಿಯಾರ ಕಾಯುವುದಿಲ್ಲ.
ಆಗ ದೂರದಲ್ಲಿ ಯಾರೋ ತಿಂಗಳುಗಟ್ಟಲೆ ಮೊದಲೇ ಪತ್ರ ಬರೆಯುತ್ತಾರೆ:
ಈ ಸಲ ಕೊನೆಯ ನಿಮಿಷಕ್ಕೆ ಅರವತ್ತೊಂದು.
ಗ್ರೀನಿಚ್ಚಿಗೆ ಅದು ನಡುರಾತ್ರಿ.
ನಮಗೆ ಐದೂವರೆ, ಮಂಜು, ಕಬ್ಬಿನ ಟ್ರ್ಯಾಕ್ಟರು,
ಕ್ಯಾನಿನ ಮುಂದೆ ಸಾಲು.

ಐವತ್ತೊಂಬತ್ತನ್ನೇ ಎರಡು ಸಲ ಎಣಿಸೋಣ, ಅಂದೆ.
"ಹಿಂದೆ ಬಂದವಳು ಮುಂದೆ ನಿಂತ ಹಾಗೆ ಕಾಣತ್ತೆ,
ಡೇರಿ ಕ್ಯೂನಲ್ಲಿ ಚೊಂಬು ಹಾರತ್ತೆ," ಎಂದಳು ಮುಬೀನಾ.
ಹಾಗಾದರೆ ದಿನವಿಡೀ ಸವರಿಬಿಡೋಣ,
ಒಂದೊಂದು ಸೆಕೆಂಡನ್ನೂ ಕೂದಲೆಳೆಯಷ್ಟು ಹಿಗ್ಗಿಸಿ?
ಅವಳು ನಕ್ಕಳು. "ಕ್ಯಾನಿಗೆ ಒಂದು ಚಮಚ ನೀರು.
ಲ್ಯಾಕ್ಟೋಮೀಟರಿಗೂ ಗೊತ್ತಾಗಲ್ಲ.
ಹಾಕಿದ ಕೈಗೆ ಗೊತ್ತಲ್ಲ."

ಗುತ್ತಲಿನವಳು ಮುಬೀನಾ. ಅವಳ ಅಬ್ಬಾ ಸಂತೆಯಲ್ಲಿ
ಅವರೆಕಾಯಿ ತೂಗುವವರು. ತಕ್ಕಡಿ ಸಮ ನಿಂತ ಮೇಲೆ
ಒಂದು ಹಿಡಿ ಮೇಲೆ. ಕೊಸರು.
"ಬೆಲೆಗೆ ಸೇರಲ್ಲ ಅದು. ಚೀಲಕ್ಕೆ ಸೇರಲೇಬೇಕು."

ಪಂಚಾಂಗದವರಿಗಾದರೋ ಇದು ಹಳೆಯ ತಾಪತ್ರಯ.
ಸೂರ್ಯ ಚಂದ್ರರ ಲೆಕ್ಕ ಹೊಂದದಿದ್ದಾಗ
ಇಡೀ ಒಂದು ತಿಂಗಳನ್ನೇ ತೂರಿಸಿದರು,
ಅಧಿಕ ಎಂದು ಬಾಯಿಬಿಟ್ಟು ಹೆಸರಿಟ್ಟರು.
ಅಧಿಕದಲ್ಲಿ ಮದುವೆ ಬೇಡ ಅಂದರು, ಸರಿ.
ಅಧಿಕದಲ್ಲಿ ಹುಟ್ಟಿದ ಕೂಸನ್ನು
ಹುಟ್ಟಿಲ್ಲ ಅನ್ನಲಿಲ್ಲ.

ಕೊನೆಗೆ ಮಾಡಿದ್ದಿಷ್ಟು: ಒಳಗೆ ಬರೀ ಎಣಿಕೆ,
ಒಂದಾದ ಮೇಲೊಂದು, ತುಂಡಾಗದ ಹಾಲಿನ ಧಾರೆ.
ಗಂಟೆ ನಿಮಿಷವೆಂಬ ಹೆಸರು ಓದುವಾಗ ಮಾತ್ರ.
ಪಕ್ಕದಲ್ಲೊಂದು ಪುಟ್ಟ ಕೋಷ್ಟಕ,
ಈವರೆಗಿನ ಕೊಸರುಗಳ ಪಟ್ಟಿ, ಇಪ್ಪತ್ತೇಳು ಸಾಲು.
ಅಶ್ವಿನಿಯಿಂದ ಎಣಿಸಿದರೆ ರೇವತಿ ಸಣ್ಣತಾಯಮ್ಮನದು.
ಆಮೇಲೆ ಯಾವುದೂ ಬಂದಿಲ್ಲ.
ಮೂವತ್ತೈದರ ಹೊತ್ತಿಗೆ ಇದನ್ನು ನಿಲ್ಲಿಸುವುದೆಂದು
ದೇಶದೇಶದ ದೊಡ್ಡವರು ಕೂತು ತೀರ್ಮಾನಿಸಿದ್ದಾರಂತೆ.
ನಿಲ್ಲಿಸಲಿ. ಕೋಷ್ಟಕ ಮಾತ್ರ ಅಳಿಸಬೇಡ,
ಎಂದು ಹೊಸದಾಗಿ ಸೇರಿದ ಹುಡುಗನಿಗೆ ಹೇಳಿದ್ದೇನೆ.
ಅವನು ತಲೆಯಾಡಿಸಿದ, ಕೇಳಿಸಿಕೊಂಡನೋ ಇಲ್ಲವೋ.

ಆ ಫೆಬ್ರವರಿಯಲ್ಲಿ ಚೀಟಿ ನಾನೇ ಒಯ್ದೆ.
ಹದಿನೆಂಟು. ೫:೨೯:೬೦.
ಮೊಮ್ಮಗಳು ಕಸಿದು ಓದಿದಳು:
"ಅರವತ್ತು ಬರಲ್ಲ ಅಜ್ಜಿ, ಐವತ್ತೊಂಬತ್ತಾದ್ಮೇಲೆ ಸೊನ್ನೆ.
ನಮ್ ಮಿಸ್ಸು ಹೇಳವ್ರೆ."

ಸಣ್ಣತಾಯಮ್ಮ ಹಸುವಿನ ಕಾಲಿಗೆ ಹಗ್ಗ ಸುತ್ತುತ್ತಿದ್ದಳು.
ತಿರುಗಿಯೂ ನೋಡದೆ ಅಂದಳು:
"ಅದಿರ್ಲಿ, ಫ್ಯಾಟು ಎಷ್ಟು ಬರ್ದವ್ರೆ ನೋಡು."